ಸುರಕ್ಷತಾ ಮಾನದಂಡ ಬಿಗಿಯಾದ ಮೇಲೆ ನಮ್ಮ ಹಳೆಯ ಯಂತ್ರಗಳ ಗತಿ ಏನು?

ಕುಂದಾಪುರದ ಆಡಳಿತಾಧಿಕಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಂದಾಪುರ ತಾಲೂಕಿನಲ್ಲಿರುವ 25 ಹಾಸಿಗೆಗಳ ಒಂದು ನರ್ಸಿಂಗ್ ಹೋಮಿನ ಆಡಳಿತವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಬಿ.ಕಾಂ. ಆದ್ದರಿಂದ ವಿದ್ಯುತ್ತಿನ ವಿಷಯದಲ್ಲಿ ನನ್ನ ತಿಳಿವಳಿಕೆ ಮೆಸ್ಕಾಂ ಬಿಲ್ಲು ಕಟ್ಟುವಲ್ಲಿಗೆ ಮುಗಿಯುತ್ತದೆ. ತಪ್ಪಿದ್ದರೆ ದಯವಿಟ್ಟು ತಿದ್ದಬೇಕು.

ನಮ್ಮಲ್ಲಿ 2011ರಲ್ಲಿ ಕೊಂಡ ಒಂದು ಇಸಿಜಿ ಯಂತ್ರ, ಅದಕ್ಕಿಂತಲೂ ಹಳೆಯದಾದ ಒಂದು ಸಕ್ಷನ್ ಯಂತ್ರ, ಒಂದು ಕಾಟರಿ (ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನ ಬಿಸಿಯಿಂದ ರಕ್ತಸ್ರಾವ ನಿಲ್ಲಿಸುವ ಯಂತ್ರ) ಮತ್ತು ಆರು ಹಾಸಿಗೆಗಳ ಐಸಿಯುವಿಗೆ ಎರಡು ವರ್ಷದ ಹಿಂದೆ ತಂದ ಹೊಸ ಮಾನಿಟರುಗಳಿವೆ. ಕಳೆದ ತಿಂಗಳು ಮಾನ್ಯತೆಯ ಪೂರ್ವತಯಾರಿಗಾಗಿ ಬಂದಿದ್ದ ಸಲಹೆಗಾರರು ಎಲ್ಲ ಯಂತ್ರಗಳ ಲೀಕೇಜ್ ಕರೆಂಟಿನ ಪರೀಕ್ಷಾ ವರದಿಯನ್ನು ಕೇಳಿದರು. ನಾನು ಪ್ರತಿ ಯಂತ್ರದ ಮೇಲೂ ಅಂಟಿಸಿರುವ ಕ್ಯಾಲಿಬ್ರೇಷನ್ ಚೀಟಿಯನ್ನು ತೋರಿಸಿದೆ. ‘ಇದು ಅದಲ್ಲ’ ಎಂದರು. ಮರುದಿನ ನಮಗೆ ಯಂತ್ರ ಒದಗಿಸುವ ಡೀಲರರನ್ನು ವಿಚಾರಿಸಿದಾಗ, ಮಾನದಂಡ ಈಗ ಬಹಳ ಬಿಗಿಯಾಗಿದೆ, ಹಳೆಯ ಆವೃತ್ತಿಯ ಪ್ರಕಾರ ತಯಾರಾದ ಯಂತ್ರಗಳನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಹೇಳಿ, ಸಂಜೆಯೊಳಗೆ ಹೊಸ ಯಂತ್ರಗಳ ಕೊಟೇಷನ್ ಕಳುಹಿಸಿಯೇಬಿಟ್ಟರು. ಅದರ ಮೊತ್ತವನ್ನು ನೋಡಿ ನಮ್ಮ ಹಿರಿಯ ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನನಗೆ ತಿಳಿಯಬೇಕಾದದ್ದು ಇಷ್ಟು. ಹಳೆಯ ಯಂತ್ರಗಳನ್ನು ನಿಜವಾಗಿಯೂ ವಿಲೇವಾರಿ ಮಾಡಲೇಬೇಕೇ? ಬಿಗಿಯಾದ ಮಾನದಂಡದಿಂದ ರೋಗಿಗೆ ಆಗುವ ಪ್ರಯೋಜನವೇನು? ಇನ್ನೊಂದು ವಿಚಿತ್ರವನ್ನೂ ಹೇಳಬೇಕು: ಹೊಸ ಮಾನಿಟರುಗಳು ಬಂದ ಮೇಲೆ ಐಸಿಯುವಿನ ಇಎಲ್‌ಸಿಬಿ (ಕರೆಂಟು ಅರ್ತಿಗೆ ಸೋರಿದರೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು) ಆಗಾಗ ತಾನಾಗಿಯೇ ಬೀಳುತ್ತಿದೆ. ಹೆಚ್ಚು ಸುರಕ್ಷಿತವಾದ ಯಂತ್ರ ಬಂದರೆ ಹೀಗೇಕಾಗಬೇಕು?

ಮಣಿಪಾಲದ ಬಯೋಮೆಡಿಕಲ್ ಎಂಜಿನಿಯರ್

ನಿಮ್ಮ ಡೀಲರರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ವ್ಯಾಪಾರ.

ವೈದ್ಯಕೀಯ ವಿದ್ಯುತ್ ಉಪಕರಣಗಳ ಮೂಲ ಮಾನದಂಡ ಐಇಸಿ (ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) ಹೊರತಂದ ಐಇಸಿ 60601-1. ಇದರ ಮೊದಲ ಆವೃತ್ತಿ 1977ರಲ್ಲಿ, ಎರಡನೆಯದು 1988ರಲ್ಲಿ, ಮೂರನೆಯದು 2005ರಲ್ಲಿ ಬಂತು. ಮೂರನೆಯದಕ್ಕೆ 2012ರಲ್ಲಿ ಮತ್ತು 2020ರಲ್ಲಿ ತಿದ್ದುಪಡಿಗಳಾದವು. ನಮ್ಮ ದೇಶದಲ್ಲಿ ಇದೇ ಮಾನದಂಡ ಐಎಸ್ 13450 ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಇದು ಯಂತ್ರದ ವಿನ್ಯಾಸವನ್ನೂ ತಯಾರಿಕೆಯನ್ನೂ ಕುರಿತದ್ದು. ತಯಾರಕ ತನ್ನ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸುವಾಗ ಯಾವ ಆವೃತ್ತಿ ಅನ್ವಯವಾಗುತ್ತದೆ ಎಂಬುದು ಅವನ ಪ್ರಶ್ನೆ. ಹೊಸ ಆವೃತ್ತಿ ಬಂತೆಂಬ ಒಂದೇ ಕಾರಣಕ್ಕೆ ನಿಮ್ಮ ವಾರ್ಡಿನಲ್ಲಿ ದುಡಿಯುತ್ತಿರುವ 2011ರ ಇಸಿಜಿ ಯಂತ್ರ ಅನರ್ಹವಾಗುವುದಿಲ್ಲ.

ಆದರೆ ಸಲಹೆಗಾರರು ಕೇಳಿದ್ದು ಸರಿಯಾಗಿಯೇ ಇದೆ. ಬಳಕೆಯಲ್ಲಿರುವ ಯಂತ್ರಗಳ ನಿಯತಕಾಲಿಕ ಪರೀಕ್ಷೆಗೆ ಬೇರೆಯೇ ಮಾನದಂಡವಿದೆ, ಅದು ಐಇಸಿ 62353. ಮೊದಲು 2007ರಲ್ಲಿ ಬಂದ ಇದರ ಎರಡನೆಯ ಆವೃತ್ತಿ 2014ರದು. ಕ್ಯಾಲಿಬ್ರೇಷನ್ ಎಂದರೆ ಯಂತ್ರ ತೋರಿಸುವ ಅಂಕಿ ಸರಿಯಿದೆಯೇ ಎಂದು ನೋಡುವುದು. ಲೀಕೇಜ್ ಪರೀಕ್ಷೆ ಎಂದರೆ ಅದರಿಂದ ಎಷ್ಟು ವಿದ್ಯುತ್ತು ಎಲ್ಲಿಗೆ ಸೋರುತ್ತಿದೆ ಎಂದು ಅಳೆಯುವುದು. ರಕ್ತದೊತ್ತಡವನ್ನು ಕರಾರುವಾಕ್ಕಾಗಿ ತೋರಿಸುವ ಮಾನಿಟರು ರೋಗಿಗೆ ಶಾಕ್ ಕೊಡಲೂಬಹುದು. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದರಲ್ಲಿ ಆಡಳಿತದವರ ತಪ್ಪಿಗಿಂತ ಚೀಟಿ ಅಂಟಿಸಿ ಹೋಗುವವರ ತಪ್ಪೇ ಹೆಚ್ಚು.

ಇನ್ನು ರೋಗಿಗೆ ಆಗುವ ಪ್ರಯೋಜನ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಯಾವ ಯಂತ್ರವೂ ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ತನ್ನ ಹೊರಕವಚಕ್ಕೂ ಅರ್ತ್ ತಂತಿಗೂ ಸೋರಿಸುತ್ತದೆ. ಆರೋಗ್ಯವಂತರ ಬೆರಳಿಗೆ ಸುಮಾರು 1 ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ, ಆಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪ್ರಜ್ಞೆ ತಪ್ಪಿ ಮಲಗಿರುವವರು ಎಳೆದುಕೊಳ್ಳಲಾರರು. ಅವರ ರಕ್ತನಾಳದ ಮೂಲಕ ಹೃದಯದವರೆಗೆ ಕ್ಯಾಥೆಟರ್ ಹೋಗಿದ್ದರಂತೂ ಚರ್ಮ ಒಡ್ಡುವ ತಡೆಯೇ ಇಲ್ಲವಾಗಿ, ಕೆಲವು ಹತ್ತು ಮೈಕ್ರೋಆಂಪಿಯರುಗಳಷ್ಟೇ (ಒಂದು ಮಿಲಿಆಂಪಿಯರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಆಂಪಿಯರ್) ಹೃದಯದ ಲಯವನ್ನು ಕೆಡಿಸಬಲ್ಲವು. ಅದಕ್ಕಾಗಿಯೇ ರೋಗಿಯ ದೇಹಕ್ಕೆ ತಗಲುವ ಭಾಗಗಳನ್ನು ಬಿ, ಬಿಎಫ್ ಮತ್ತು (ಹೃದಯಕ್ಕೆ ನೇರವಾಗಿ ತಗಲಲು ತಕ್ಕ) ಸಿಎಫ್ ಎಂದು ವಿಂಗಡಿಸಿದ್ದಾರೆ. ಯಂತ್ರ ಸುಸ್ಥಿತಿಯಲ್ಲಿರುವಾಗ ರೋಗಿಯ ಮೂಲಕ ಹರಿಯಬಹುದಾದ ಮಿತಿ ಮೊದಲೆರಡಕ್ಕೆ 100 ಮೈಕ್ರೋಆಂಪಿಯರ್, ಸಿಎಫ್‌ಗೆ ಬರಿಯ 10. ಒಂದು ದೋಷ ತಲೆದೋರಿದರೂ, ಉದಾಹರಣೆಗೆ ಅರ್ತ್ ತಂತಿ ತುಂಡಾದರೂ, ಅದು 500 ಮತ್ತು 50ನ್ನು ಮೀರಕೂಡದು. ನಿಮ್ಮ ಇಸಿಜಿ ಯಂತ್ರದಲ್ಲಿ ಲೀಡ್ ಸಿಕ್ಕಿಸುವ ಜಾಗದ ಪಕ್ಕವನ್ನು ನೋಡಿ: ಚೌಕದೊಳಗೆ ಮನುಷ್ಯನ ಆಕೃತಿ ಇದ್ದರೆ ಬಿಎಫ್, ಹೃದಯದ ಆಕೃತಿ ಇದ್ದರೆ ಸಿಎಫ್. ಅದರ ಎರಡೂ ಬದಿಗೆ ಪುಟ್ಟ ಪ್ಯಾಡಲುಗಳಂಥ ಗೆರೆಗಳಿದ್ದರೆ ಡಿಫಿಬ್ರಿಲೇಟರಿನ ಹೊಡೆತವನ್ನು ತಡೆದುಕೊಳ್ಳುತ್ತದೆ ಎಂದರ್ಥ.

ಇಎಲ್‌ಸಿಬಿ ಬೀಳುವುದರ ಬಗ್ಗೆ: ಮೂರನೆಯ ಆವೃತ್ತಿಯಲ್ಲಿ ಅರ್ತ್ ತಂತಿಯ ಮೂಲಕ ಹರಿಯುವ ಲೀಕೇಜಿನ ಮಿತಿಯನ್ನು ಬಿಗಿಗೊಳಿಸುವ ಬದಲು ಸಡಿಲಿಸಿದ್ದಾರೆ. ಮೊದಲು ಸಾಮಾನ್ಯವಾಗಿ 0.5 ಮಿಲಿಆಂಪಿಯರ್ ಇದ್ದದ್ದು ಈಗ 5 ಮಿಲಿಆಂಪಿಯರ್. ಆರು ಯಂತ್ರಗಳು ತಲಾ 5 ಮಿಲಿಆಂಪಿಯರ್ ಸೋರಿದರೆ 30 ಆಯಿತು, ನಿಮ್ಮ ಇಎಲ್‌ಸಿಬಿಯೂ 30ರದೇ ಇರಬೇಕು.

ಬೈಕಂಪಾಡಿಯ ತಯಾರಕ

ಮಣಿಪಾಲದ ಸರ್ ಬರೆದುದರಲ್ಲಿ ಕೊನೆಯ ಅಂಶವನ್ನು ಮಾತ್ರ ತಿದ್ದಬೇಕೆನಿಸಿತು. ನವಜಾತ ಶಿಶುಗಳ ಕಾಮಾಲೆಗೆ ಬಳಸುವ ಫೋಟೋಥೆರಪಿ ಯಂತ್ರಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವವನು ನಾನು, ಈ ಸಂಖ್ಯೆಗಳೊಡನೆ ಗುದ್ದಾಡಿದ ಅನುಭವ ಇದೆ.

5 ಮಿಲಿಆಂಪಿಯರ್ ಎಂಬುದು ಪುಸ್ತಕದಲ್ಲಿರುವುದು ನಿಜ. ಆದರೆ ಅದೇ ಪುಸ್ತಕದಲ್ಲಿ ಮುಟ್ಟಿದವರ ಮೂಲಕ ಹರಿಯುವ ಟಚ್ ಕರೆಂಟಿಗೂ ಮಿತಿಯಿದೆ: ಸುಸ್ಥಿತಿಯಲ್ಲಿ 100 ಮೈಕ್ರೋಆಂಪಿಯರ್, ಒಂದು ದೋಷವಿದ್ದಾಗ 500. ಪ್ಲಗ್ಗಿನಿಂದ ನಡೆಯುವ ಲೋಹದ ಮೈಯ ಯಂತ್ರದ ಅರ್ತ್ ಕಡಿದುಹೋಯಿತು ಎಂದಿಟ್ಟುಕೊಳ್ಳಿ. ಅಲ್ಲಿಯವರೆಗೆ ಅರ್ತಿಗೆ ಹೋಗುತ್ತಿದ್ದುದಷ್ಟೂ ಈಗ ಮುಟ್ಟಿದವರ ಕೈಗೇ ಬರುತ್ತದೆ, ಮತ್ತು ಅದು 500 ಮೈಕ್ರೋಆಂಪಿಯರನ್ನು ದಾಟಕೂಡದು. ಹೀಗಾಗಿ ಒಂದು ಕೈಯಲ್ಲಿ ಕೊಟ್ಟ ಸಡಿಲಿಕೆಯನ್ನು ಇನ್ನೊಂದು ಕೈಯಲ್ಲಿ ಹಿಂದಕ್ಕೆ ಪಡೆದಿದ್ದಾರೆ. ಹಾಸಿಗೆಯ ಪಕ್ಕದ ಮಾನಿಟರು ಆ 5 ಮಿಲಿಆಂಪಿಯರಿನ ಹತ್ತಿರಕ್ಕೂ ಹೋಗುವುದಿಲ್ಲ. ಆಡಳಿತಾಧಿಕಾರಿಗಳೇ, ನಿಮ್ಮ ಇಎಲ್‌ಸಿಬಿಯ ಅಪರಾಧಿ ಬಹುಶಃ ಮಾನಿಟರಲ್ಲ. ಅದೇ ಸರ್ಕ್ಯೂಟಿನಲ್ಲಿ ನರ್ಸುಗಳ ಮೇಜಿನ ಕಂಪ್ಯೂಟರು, ಪ್ರಿಂಟರು, ಯುಪಿಎಸ್ ಇವೆಯೇ ನೋಡಿ. ಕಚೇರಿ ಉಪಕರಣಗಳ ಮಾನದಂಡವೇ ಬೇರೆ, ಅಲ್ಲಿ ಒಂದೊಂದಕ್ಕೂ 3.5 ಮಿಲಿಆಂಪಿಯರಿನವರೆಗೆ ಅವಕಾಶವಿದೆ. ಜೊತೆಗೆ 30 ಮಿಲಿಆಂಪಿಯರಿನ ಇಎಲ್‌ಸಿಬಿ 15ನ್ನು ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು.

ಬಿಗಿಯಾದ ಮಾನದಂಡ ತಯಾರಕರಿಗೆ ಏನು ಮಾಡಿತು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕೊಟೇಷನ್ನಿನ ಮೊತ್ತ ಏರಿದ್ದರ ಹಿಂದೆ ಬರಿಯ ಲಾಭಕೋರತನವಿದೆ ಎಂದು ಓದುಗರು ತಿಳಿಯಬಾರದು. ಪವರ್ ಸಪ್ಲೈಯೊಳಗೆ ಫೇಸಿಗೂ ಅರ್ತಿಗೂ ನಡುವೆ, ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಕಡಲೆಬೀಜದಷ್ಟು ದೊಡ್ಡದು, ಬಣ್ಣ ಹೆಚ್ಚಾಗಿ ನೀಲಿ. ಯಂತ್ರದ ವಿದ್ಯುತ್ ಗದ್ದಲ ಹೊರಗೆ ಹೋಗದಂತೆ ತಡೆಯುವುದು ಅದರ ಕೆಲಸ. 4.7 ನ್ಯಾನೋಫ್ಯಾರಡ್‌ನದು ಹಾಕಿದರೆ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದೊಂದರಿಂದಲೇ ಸುಮಾರು 340 ಮೈಕ್ರೋಆಂಪಿಯರ್ ಸೋರುತ್ತದೆ. ಅದನ್ನು ತೆಗೆದು 2.2ರದು ಹಾಕಿದರೆ ಸೋರಿಕೆ 160ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಗದ್ದಲ ಹೆಚ್ಚಾಗಿ, ಅದರ ಮಿತಿಯನ್ನು ನೋಡುವ ಐಇಸಿ 60601-1-2ರ ಪರೀಕ್ಷೆಯಲ್ಲಿ ಯಂತ್ರ ಬಿದ್ದುಹೋಗುತ್ತದೆ. ಆಗ ಫಿಲ್ಟರ್ ಬದಲಿಸು, ಟ್ರಾನ್ಸ್‌ಫಾರ್ಮರ್ ಬದಲಿಸು, ತಂತಿಗಳಿಗೆ ಕವಚ ಹಾಕು. ರೋಗಿಯ ಭಾಗಕ್ಕೂ ಮೇನ್ಸಿಗೂ ನಡುವೆ ಎರಡು ಹಂತದ ರಕ್ಷಣೆ ಬೇಕಾದರೆ ಸರ್ಕ್ಯೂಟ್ ಬೋರ್ಡಿನ ಮೇಲೆ 8 ಮಿಲಿಮೀಟರ್ ಅಂತರ ಬಿಡಬೇಕು, 4000 ವೋಲ್ಟಿನ ಪರೀಕ್ಷೆಯನ್ನು ತಡೆದುಕೊಳ್ಳಬೇಕು. ನನ್ನ ಮೊದಲ ಬೋರ್ಡಿನಲ್ಲಿ ಒಂದು ಸ್ಕ್ರೂವಿನ ತಲೆ ಆ ಅಂತರವನ್ನು 6 ಮಿಲಿಮೀಟರಿಗೆ ಇಳಿಸಿತ್ತು. ಒಂದೇ ಒಂದು ಸ್ಕ್ರೂವಿಗಾಗಿ ಬೆಂಗಳೂರಿನ ಪರೀಕ್ಷಾಲಯಕ್ಕೆ ಮತ್ತೆ ಯಂತ್ರವನ್ನು ಹೊತ್ತು, ಮತ್ತೆ ಶುಲ್ಕ ಕಟ್ಟಿ, ಮತ್ತೆ ಸರದಿ ಕಾಯಬೇಕಾಯಿತು.

ಇವೆಲ್ಲದರ ಜೊತೆಗೆ 2005ರ ಆವೃತ್ತಿಯಿಂದ ಅಪಾಯ ನಿರ್ವಹಣೆಯ ಕಡತ ಕಡ್ಡಾಯವಾಯಿತು. ಐಎಸ್ಒ 14971ರ ಪ್ರಕಾರ ಏನೇನು ಕೆಡಬಹುದು, ಕೆಟ್ಟರೆ ಯಾರಿಗೆ ಏನಾಗಬಹುದು, ಅದಕ್ಕೆ ನೀವೇನು ಮಾಡಿದ್ದೀರಿ ಎಂದು ಬರೆದಿಡಬೇಕು. ನನ್ನ ಯಂತ್ರಕ್ಕಿಂತ ಅದರ ಕಡತವೇ ದಪ್ಪ. ಮೊದಮೊದಲು ಇದನ್ನು ಶಪಿಸುತ್ತಿದ್ದೆ. ಆದರೆ ಆ ಕಡತ ಬರೆಯುವಾಗಲೇ, ಫ್ಯಾನು ನಿಂತರೆ ದೀಪದ ಮುಸುಕು ಎಷ್ಟು ಬಿಸಿಯಾಗಬಹುದು ಎಂಬ ಪ್ರಶ್ನೆ ಎದ್ದು, ಬಿಸಿ ಮೀರಿದರೆ ತಾನೇ ಆರುವ ವ್ಯವಸ್ಥೆ ಸೇರಿಸಿದೆವು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇನ್ನು ಕಾನೂನು: ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಬಂದು 2018ರ ಜನವರಿ 1ರಿಂದ ಜಾರಿಯಾದವು. 2020ರ ಅಧಿಸೂಚನೆ ಎಲ್ಲ ವೈದ್ಯಕೀಯ ಸಾಧನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅಪಾಯ ಕಡಿಮೆಯಿರುವ ಎ ಮತ್ತು ಬಿ ವರ್ಗದ ಸಾಧನಗಳಿಗೆ 2022ರ ಅಕ್ಟೋಬರಿನಿಂದ, ಅಪಾಯ ಹೆಚ್ಚಿರುವ ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರಿನಿಂದ ಪರವಾನಗಿ ಕಡ್ಡಾಯವಾಯಿತು. ನನ್ನ ಪರಿಚಯದ ಇಬ್ಬರು ತಯಾರಕರು ಈ ಹೊತ್ತಿನಲ್ಲಿ ತಯಾರಿಕೆ ನಿಲ್ಲಿಸಿ ಬೇರೆಯವರ ಯಂತ್ರಗಳನ್ನು ಮಾರಲು ತೊಡಗಿದರು. ಇದು ಲಾಭವೋ ನಷ್ಟವೋ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಊರಿನಲ್ಲೇ ರಿಪೇರಿ ಮಾಡಿಕೊಡುವ ಕೈಗಳು ಕಡಿಮೆಯಾದದ್ದನ್ನು ಮಾತ್ರ ನಷ್ಟವೆಂದೇ ನಾನು ಬರೆದುಕೊಂಡಿದ್ದೇನೆ.

ಮಣಿಪಾಲದ ಬಯೋಮೆಡಿಕಲ್ ಎಂಜಿನಿಯರ್

ತಿದ್ದಿದ್ದಕ್ಕೆ ಧನ್ಯವಾದಗಳು, 5 ಮಿಲಿಆಂಪಿಯರನ್ನು ಆರರಿಂದ ಗುಣಿಸಿದ್ದು ನನ್ನ ಅವಸರ. ಇನ್ನೊಂದು ಮಾತು ಬಿಟ್ಟುಹೋಗಿತ್ತು. ಜೀವರಕ್ಷಕ ಯಂತ್ರಗಳಿರುವ ಐಸಿಯುವಿಗೆ ಇಎಲ್‌ಸಿಬಿ ತಕ್ಕ ಏರ್ಪಾಡೇ ಅಲ್ಲ, ಏಕೆಂದರೆ ಅದು ಬಿದ್ದರೆ ವೆಂಟಿಲೇಟರಿಗೆ ಬರುವ ವಿದ್ಯುತ್ತೂ ಹೋಗುತ್ತದೆ. ಐಇಸಿ 60364-7-710 ಪ್ರಕಾರ ಅಂಥ ಕೋಣೆಗೆ ಪ್ರತ್ಯೇಕ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಬೇಕು, ಇನ್ಸುಲೇಷನ್ ಕುಸಿದರೆ ವಿದ್ಯುತ್ತನ್ನು ಕಡಿಯದೆ ಗಂಟೆ ಬಾರಿಸಿ ಎಚ್ಚರಿಸುವ ಸಾಧನವೂ ಇರಬೇಕು. ಹೊಸದಾಗಿ ಕಟ್ಟುವಾಗ ಇದನ್ನು ನೆನಪಿಡಿ.

ಬ್ರಹ್ಮಾವರದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್

ಇಷ್ಟು ಹೊತ್ತು ನೀವೆಲ್ಲ ಯಂತ್ರದ ಬಗ್ಗೆಯೇ ಮಾತಾಡಿದಿರಿ, ಗೋಡೆಯ ಬಗ್ಗೆ ಯಾರೂ ಆಡಲಿಲ್ಲ. ಆ ಮಾನದಂಡಗಳೆಲ್ಲ ಮೂರನೆಯ ಪಿನ್ನಿನ ಆಚೆ ಒಳ್ಳೆಯ ಅರ್ತ್ ಇದೆ ಎಂದು ನಂಬಿಕೊಂಡು ಹೊರಟಿವೆ. ಆ ನಂಬಿಕೆ ನಮ್ಮ ಕರಾವಳಿಯಲ್ಲಿ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ನಮ್ಮದು ಮುರಕಲ್ಲಿನ ನೆಲ. ಜುಲೈ ತಿಂಗಳಲ್ಲಿ ಜಡಿಮಳೆಗೆ ನೆಲವೆಲ್ಲ ನೆನೆದಿರುವಾಗ ಅರ್ತ್ ಪಿಟ್ಟಿನ ರೋಧವನ್ನು ಅಳೆದರೆ ಚೆನ್ನಾಗಿಯೇ ಇರುತ್ತದೆ. ಅದೇ ಪಿಟ್ಟನ್ನು ಏಪ್ರಿಲ್ ಕೊನೆಗೆ, ಬಾವಿಯ ನೀರು ತಳ ಹಿಡಿದಿರುವಾಗ ಅಳೆದು ನೋಡಿ. ಹೆಚ್ಚಿನವರು ಅಳೆಯುವುದು ಮಳೆಗಾಲದಲ್ಲಿ, ಏಕೆಂದರೆ ಆಗ ನಮಗೆ ಬೇರೆ ಕೆಲಸ ಕಡಿಮೆ! ಜೊತೆಗೆ ಕಡಲಿನ ಉಪ್ಪುಗಾಳಿಗೆ ಪಿಟ್ಟಿನ ನಟ್ಟು ಬೋಲ್ಟುಗಳು ತುಕ್ಕು ಹಿಡಿದು, ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಸಂಪರ್ಕವೇ ಇರುವುದಿಲ್ಲ.

ಇನ್ನೊಂದು, ನಮ್ಮವರು ಅರ್ತ್ ಇದೆಯೇ ಎಂದು ಬಲ್ಬು ಹಾಕಿ ನೋಡುವ ಪದ್ಧತಿ. ಫೇಸಿಗೂ ಅರ್ತಿಗೂ 100 ವಾಟಿನ ಬಲ್ಬನ್ನು ಕೊಟ್ಟು, ಉರಿದರೆ ‘ಅರ್ತ್ ಉಂಟು’ ಎನ್ನುತ್ತಾರೆ. ಆ ಬಲ್ಬು ಎಳೆಯುವುದು 0.43 ಆಂಪಿಯರ್ ಮಾತ್ರ. ಅರ್ತಿನ ರೋಧ 50 ಓಮ್ ಇದ್ದರೂ ಅದು ಲಕಲಕನೆ ಉರಿಯುತ್ತದೆ. ಆದರೆ ಅಂಥ ಅರ್ತ್ ಇರುವ ಯಂತ್ರದೊಳಗೆ ಫೇಸ್ ತಂತಿ ಮೈಗೆ ತಗಲಿದರೆ ಹರಿಯುವುದು ಐದು ಆಂಪಿಯರಿಗೂ ಕಡಿಮೆ. 6 ಆಂಪಿಯರಿನ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಬೀಳುವುದೇ ಇಲ್ಲ, ಯಂತ್ರದ ಮೈ ಹೆಚ್ಚು ಕಡಿಮೆ 230 ವೋಲ್ಟಿನಲ್ಲೇ ಕುಳಿತಿರುತ್ತದೆ. ಆಗ ಪ್ರಾಣ ಉಳಿಸುವುದು ನೀವು ಶಪಿಸುತ್ತಿರುವ ಇಎಲ್‌ಸಿಬಿಯೇ. ಆಗಾಗ ಬೀಳುತ್ತದೆಂದು ದಯವಿಟ್ಟು ಅದನ್ನು ಬೈಪಾಸ್ ಮಾಡಿಸಬೇಡಿ. ಮಾಡಿಕೊಡುವವರು ಇದ್ದಾರೆ.

ಕೊಟೇಷನ್ನಿಗೆ ಸಹಿ ಹಾಕುವ ಮೊದಲು ಐಸಿಯುವಿನ ಪ್ರತಿಯೊಂದು ಸಾಕೆಟ್ಟಿನ ಅರ್ತನ್ನೂ ಪ್ರತ್ಯೇಕವಾಗಿ, ಲೂಪ್ ಟೆಸ್ಟರಿನಲ್ಲಿ (ಅರ್ತಿನ ಪೂರ್ತಿ ದಾರಿಯ ರೋಧವನ್ನು ಅಳೆಯುವ ಸಾಧನದಲ್ಲಿ), ಅಳೆಯಿಸಿ. ಒಂದು ಸಾಕೆಟ್ಟಿನಲ್ಲಿ ಸರಿಯಿದೆ ಎಂದು ಪಕ್ಕದ್ದರಲ್ಲಿಯೂ ಇರಬೇಕೆಂದಿಲ್ಲ.

ಶಿರ್ವದಿಂದ

ಆಸ್ಪತ್ರೆಯ ಚರ್ಚೆಯ ನಡುವೆ ಮನೆಯ ವಿಷಯ ತಂದದ್ದಕ್ಕೆ ಕ್ಷಮಿಸಿ. ನನ್ನ ಅಪ್ಪನಿಗೆ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇಟ್ಟಿದ್ದೇವೆ. ನಮ್ಮದು ಹಳೆಯ ಹಂಚಿನ ಮನೆ, ಅಪ್ಪ ಮಲಗುವ ಕೋಣೆಯ ಸಾಕೆಟ್ಟಿನಲ್ಲಿ ಮೂರು ತೂತುಗಳಿದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಎಳೆದಿಲ್ಲವೆಂದು ಈಚೆಗೆ ಗೊತ್ತಾಯಿತು. ಯಂತ್ರದ ಹಿಂದಿನ ಫಲಕದಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದೆ. ಇದರ ಅರ್ಥವೇನು, ಹೀಗೆಯೇ ಬಳಸಬಹುದೇ?

ಮಣಿಪಾಲದ ಬಯೋಮೆಡಿಕಲ್ ಎಂಜಿನಿಯರ್

ನಿಮ್ಮ ಪ್ರಶ್ನೆ ಇಲ್ಲಿಗೆ ಸಲ್ಲುವಂಥದ್ದೇ ಅಮ್ಮ, ಏಕೆಂದರೆ ಬಿಗಿಯಾದ ಮಾನದಂಡದ ನಿಜವಾದ ಲಾಭ ಕಾಣುವುದು ನಿಮ್ಮಂಥ ಮನೆಗಳಲ್ಲಿ. ಚೌಕದೊಳಗಿನ ಚೌಕ ಎಂದರೆ ಎರಡನೆಯ ವರ್ಗದ ಯಂತ್ರ: ಅದರ ರಕ್ಷಣೆ ಅರ್ತನ್ನು ಅವಲಂಬಿಸಿಲ್ಲ, ಎರಡು ಪದರದ ಇನ್ಸುಲೇಷನ್ನನ್ನು ಅವಲಂಬಿಸಿದೆ. ಮನೆಬಳಕೆಯ ವೈದ್ಯಕೀಯ ಉಪಕರಣಗಳಿಗೆಂದು 2010ರಲ್ಲಿ ಬಂದ ಐಇಸಿ 60601-1-11, ಮನೆಯ ಅರ್ತನ್ನು ನಂಬಬೇಡಿ ಎಂದೇ ಹೇಳುತ್ತದೆ. ಸಾಕೆಟ್ಟಿಗೆ ಸಿಕ್ಕಿಸಿ ಬಳಸುವ ಯಂತ್ರ ಎರಡನೆಯ ವರ್ಗದ್ದಾಗಿರಬೇಕು ಅಥವಾ ಬ್ಯಾಟರಿಯಿಂದ ನಡೆಯಬೇಕು ಎಂಬುದು ಅದರ ನಿಯಮ. ಅರ್ತ್ ಇಲ್ಲದ್ದರಿಂದ ನಿಮ್ಮ ಯಂತ್ರದ ರಕ್ಷಣೆಗೆ ಕೊರತೆಯಾಗುವುದಿಲ್ಲ. ಆದರೂ ಆ ಸಾಕೆಟ್ಟಿಗೆ ಅರ್ತ್ ಎಳೆಸಿ, ಮನೆಗೆ ಇಎಲ್‌ಸಿಬಿ ಹಾಕಿಸಿ. ನಾಳೆ ಅದೇ ಸಾಕೆಟ್ಟಿಗೆ ಬೇರೇನನ್ನೋ ಸಿಕ್ಕಿಸುತ್ತೀರಿ. ಯಂತ್ರವನ್ನು ಗೋಡೆಗೆ ತಾಗಿಸಿ ಇಡಬೇಡಿ, ಅದರ ಹತ್ತಿರ ಊದುಬತ್ತಿ, ದೀಪ ಹಚ್ಚಬೇಡಿ.

ಕುಂದಾಪುರದ ಆಡಳಿತಾಧಿಕಾರಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಬಂದ ಸಲಹೆಯಂತೆ ಮೊದಲು ಸಾಕೆಟ್ಟುಗಳನ್ನೂ ಆಮೇಲೆ ಯಂತ್ರಗಳನ್ನೂ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ನಾನು ಎಣಿಸಿದ್ದಕ್ಕೆ ತಿರುಗುಮುರುಗಾಗಿತ್ತು.

2011ರ ಇಸಿಜಿ ಯಂತ್ರದ ಒಟ್ಟು ಲೀಕೇಜ್ (ರೋಗಿಯ ಮೂಲಕ ಹರಿಯುವುದಷ್ಟೇ ಅಲ್ಲ, ಇಡೀ ಯಂತ್ರದ್ದು) 140 ಮೈಕ್ರೋಆಂಪಿಯರ್ ಬಂತು. 62353ರ ಪ್ರಕಾರ ನೇರ ವಿಧಾನದಲ್ಲಿ ಮಿತಿ 500 ಅಂತೆ, ಆದ್ದರಿಂದ ಅದು ಪಾಸು. ಕಾಟರಿಯೂ ಪಾಸು. ಸಕ್ಷನ್ ಯಂತ್ರದ ತಂತಿಯ ಮೇಲೆ ಮೂರು ಕಡೆ ಟೇಪು ಸುತ್ತಿತ್ತು; ಅದನ್ನು ಪರೀಕ್ಷಿಸುವ ಗೋಜಿಗೇ ಹೋಗದೆ ಪಕ್ಕಕ್ಕೆ ಇಟ್ಟರು. ಫೇಲಾದದ್ದು ಎರಡು ವರ್ಷದ ಹಿಂದಿನ ಹೊಸ ಮಾನಿಟರುಗಳಲ್ಲಿ ಒಂದು. ಅರ್ತಿನ ರೋಧ 0.3 ಓಮಿನೊಳಗೆ ಇರಬೇಕಾದಲ್ಲಿ 1.4 ಬಂತು. ಪರೀಕ್ಷೆ ಮಾಡಿದ ಎಂಜಿನಿಯರರು ತಂತಿಯನ್ನು ಕಳಚಿ ನೋಡಿ, ಇದು ಯಂತ್ರದ ಜೊತೆ ಬಂದ ತಂತಿಯೇ ಅಲ್ಲ ಎಂದರು. ವಿಚಾರಿಸಿದಾಗ ಗೊತ್ತಾಯಿತು, ಮೂಲದ ತಂತಿ ಗಿಡ್ಡವಾಯಿತೆಂದು ನಮ್ಮವರೇ ಬಿಲ್ಲಿಂಗ್ ಕೌಂಟರಿನ ಹಳೆಯ ಕಂಪ್ಯೂಟರಿನ ಉದ್ದದ ತಂತಿಯನ್ನು ತಂದು ಸಿಕ್ಕಿಸಿದ್ದರಂತೆ. ಅದರ ಅರ್ತ್ ಪಿನ್ನು ಹಸಿರುಗಟ್ಟಿತ್ತು. ಮೂಲದ ತಂತಿ ಸ್ಟೋರಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಅದನ್ನು ಹಾಕಿ ಅಳೆದಾಗ 0.11.

ಸಾಕೆಟ್ಟುಗಳಲ್ಲಿ 4 ಮತ್ತು 5ನೆಯ ಹಾಸಿಗೆಗಳದ್ದಕ್ಕೆ ಅರ್ತೇ ಇರಲಿಲ್ಲ. ಫಾಲ್ಸ್ ಸೀಲಿಂಗ್ ಹಾಕಿಸಿದಾಗ ಹಸಿರು ತಂತಿ ಕಡಿದದ್ದನ್ನು ಯಾರೂ ಗಮನಿಸಿಲ್ಲ. ಇಎಲ್‌ಸಿಬಿಯ ವಿಷಯದಲ್ಲಿ ಬೈಕಂಪಾಡಿಯವರ ಊಹೆ ಸರಿಯಾಗಿತ್ತು: ನರ್ಸುಗಳ ಮೇಜಿನ ಎರಡು ಕಂಪ್ಯೂಟರು, ಯುಪಿಎಸ್ ಮತ್ತು ನೀರಿನ ಫಿಲ್ಟರ್ ಅದೇ ಸರ್ಕ್ಯೂಟಿನಲ್ಲಿದ್ದವು. ಅವನ್ನು ಬೇರೆ ಇಎಲ್‌ಸಿಬಿಗೆ ವರ್ಗಾಯಿಸಿ ಹನ್ನೊಂದು ದಿನಗಳಾದವು, ಐಸಿಯುವಿನದು ಒಮ್ಮೆಯೂ ಬಿದ್ದಿಲ್ಲ.

ಡೀಲರರಿಗೆ ಸದ್ಯ ಒಂದು ಸಕ್ಷನ್ ಯಂತ್ರಕ್ಕೆ ಮಾತ್ರ ಆರ್ಡರ್ ಕೊಟ್ಟಿದ್ದೇವೆ. ಪ್ರತಿ ಯಂತ್ರದ ಈ ಸಲದ ಅಂಕಿಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿದ್ದೇನೆ, ಮುಂದಿನ ವರ್ಷ ಹೋಲಿಸಿ ನೋಡಲು. ಎರಡು ಸಾಕೆಟ್ಟುಗಳಿಗೆ ಹೊಸ ತಂತಿ ಎಳೆಯುವ ಕೆಲಸ ಬಾಕಿಯಿದೆ; ಅಲ್ಲಿಯವರೆಗೆ ಅವುಗಳ ಮೇಲೆ ಕೆಂಪು ಟೇಪು ಅಂಟಿಸಿ, ಆ ಎರಡು ಹಾಸಿಗೆಗಳಿಗೆ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ.